ಒಂದು ಸಾಲಿಗೆ 19 ವರ್ಷ

(ನಮ್ಮ ಚರ್ಚ್ ಹಾಲಿನಲ್ಲಿ, ಬೈಬಲ್ ಓದುವ ಬಳಗದವರ ಮುಂದೆ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಆಮೇಲೆ ಕೆಲವರು ಬರೆದುಕೊಡಿ ಅಂದರು. ಹೇಳಿದ್ದನ್ನೇ ಹೇಳಿದ ಕಡೆ ಒಂದಿಷ್ಟು ಕತ್ತರಿ ಹಾಕಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನು ಪೆಚ್ಚಾದ ಒಂದು ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕ್ರೈಸ್ತ ಸನ್ಯಾಸಿ ಮಠದ ಅತಿಥಿಗೃಹದಲ್ಲಿ ಒಂದು ವಾರ ಇದ್ದೆ. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಗಂಟೆ ಹೊಡೆಯಿತು. ಒಳ್ಳೇ ಚಳಿ. ಶಾಲು ಹೊದ್ದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ನಿಂತೆ. ಸನ್ಯಾಸಿಗಳು ಎರಡು ಸಾಲಾಗಿ ಎದುರುಬದುರು ನಿಂತು ಕೀರ್ತನೆ, ಅಂದರೆ ಬೈಬಲಿನ ಪ್ರಾರ್ಥನೆಯ ಹಾಡು, ಶುರು ಮಾಡಿದರು. ಈ ಕಡೆಯವರದ್ದು ಒಂದು ವಚನ, ಆ ಕಡೆಯವರದ್ದು ಒಂದು ವಚನ. ಆ ಕೀರ್ತನೆ ನನಗೆ ಬಾಯಿಪಾಠ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ಬೇರೆ, ದನಿ ಗಟ್ಟಿ. ನಾನೂ ಸೇರಿಕೊಂಡೆ. ವಚನದ ಮೊದಲ ಅರ್ಧ ಮುಗಿಯಿತು. ಎರಡನೇ ಅರ್ಧಕ್ಕೆ ನುಗ್ಗಿದೆ. ಇಡೀ ದೇವಾಲಯದಲ್ಲಿ ನನ್ನದೊಂದೇ ದನಿ ಖಣಿ ಖಣಿ ಕೇಳಿಸಿತು!

ಉಳಿದವರೆಲ್ಲ ಸುಮ್ಮನೆ ನಿಂತಿದ್ದರು. ಪುಸ್ತಕದಲ್ಲಿ ವಚನದ ನಡುವೆ ಒಂದು ಸಣ್ಣ ನಕ್ಷತ್ರದ ಗುರುತು ಇರುತ್ತದೆ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಒಟ್ಟಿಗೆ ಮುಂದಕ್ಕೆ. ನನಗೆ ಅದು ಗೊತ್ತಿರಲಿಲ್ಲ. ಎರಡನೇ ಸಲವೂ ನುಗ್ಗಿದೆ. ಮೂರನೇ ಸಲ ಬಾಯಿ ಮುಚ್ಚಿಕೊಂಡೆ. ಒಬ್ಬರೂ ತಿರುಗಿ ನೋಡಲಿಲ್ಲ, ಅದೇ ಇನ್ನೂ ಕಷ್ಟ. ತಿಂಡಿ ಆದ ಮೇಲೆ ಅತಿಥಿಗಳನ್ನು ನೋಡಿಕೊಳ್ಳುವ ಹಿರಿಯ ಫಾದರ್ ಕಾಫಿ ಲೋಟ ಕೈಗೆ ಕೊಟ್ಟು ಹೇಳಿದರು: "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಮುಂದಿನ ಸಾಲು ಗೊತ್ತಿರೋರಿಗೆಲ್ಲ ಹಂಗೇ ಆಗುತ್ತೆ."

ಮಠದ ಬದುಕಿನಲ್ಲಿ ಧರ್ಮಗ್ರಂಥದ ತಿಳಿವಳಿಕೆ ಹೇಗೆ ಬೆಳೆಯುತ್ತದೆ ಅನ್ನುವುದರ ಬಗ್ಗೆ ಮಾತಾಡಿ ಅಂತ ನೀವು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕಾಫಿ ಲೋಟ. ನಾವು ಹೊರಗಿನವರು ಅಂದುಕೊಳ್ಳುವುದು ಏನು? ಮಠದಲ್ಲಿ ಗಲಾಟೆ ಇಲ್ಲ, ಪುಸ್ತಕ ಜಾಸ್ತಿ, ಬೇಕಾದಷ್ಟು ಸಮಯ, ಹಾಗಾಗಿ ಅವರಿಗೆ ಬೈಬಲ್ ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ವಾರ ಇದ್ದು ನೋಡಿದರೆ ಅವರಿಗೆ ಸಮಯವೇ ಇಲ್ಲ! ಹಸು, ತೋಟ, ಅಡುಗೆ, ಅತಿಥಿಗಳು, ಮಧ್ಯೆ ಮಧ್ಯೆ ಗಂಟೆ. ಅವರ ಹತ್ತಿರ ಇರುವುದು ಬೇರೆ ಎರಡು. ಒಂದು, ಅದೇ ಮಾತುಗಳು ಮತ್ತೆ ಮತ್ತೆ ಬರುತ್ತವೆ, ನಿಮಗೆ ಇಷ್ಟ ಇರಲಿ ಬಿಡಲಿ. ಎರಡು, ಪಕ್ಕದಲ್ಲಿ ಅದೇ ಜನ ಇರುತ್ತಾರೆ, ನಿಮಗೆ ಇಷ್ಟ ಇರಲಿ ಬಿಡಲಿ. ಅರ್ಥ ಹುಟ್ಟುವುದು ಈ ಎರಡರ ಮಧ್ಯೆ ಸಿಕ್ಕಿಕೊಂಡಾಗ ಅಂತ ನನ್ನ ಅನಿಸಿಕೆ.

ಇದು ಶುರುವಾದದ್ದು ಈಜಿಪ್ಟಿನಲ್ಲಿ. ಅಂತೋಣಿ ಅಂತ ಒಬ್ಬ ಹುಡುಗ. ಮಂಗಳವಾರ ನಾವು ಮೇಣದಬತ್ತಿ ಹಚ್ಚುತ್ತೇವಲ್ಲ, ಆ ಪಾದುವಾದ ಸಂತ ಅಂತೋಣಿ ಅಲ್ಲ. ಇವರು ಅವರಿಗಿಂತ ಒಂಬೈನೂರು ವರ್ಷ ಹಿಂದಿನವರು. ಹುಟ್ಟಿದ್ದು ಸುಮಾರು 251ರಲ್ಲಿ. ಅಪ್ಪ ಅಮ್ಮ ತೀರಿಹೋಗಿದ್ದರು. ಒಬ್ಬಳು ಚಿಕ್ಕ ತಂಗಿ, ಜೊತೆಗೆ ಇನ್ನೂರು ಎಕರೆಯಷ್ಟು ಒಳ್ಳೇ ಜಮೀನು. ಇಪ್ಪತ್ತರ ಆಸುಪಾಸಿನ ವಯಸ್ಸು. ಒಂದು ದಿನ ದೇವಾಲಯಕ್ಕೆ ಹೋದಾಗ ಮತ್ತಾಯನ ಶುಭಸಂದೇಶ ಓದುತ್ತಿದ್ದರು. ನಿನ್ನ ಆಸ್ತಿಯನ್ನೆಲ್ಲ ಮಾರಿ ಬಡವರಿಗೆ ಕೊಡು, ಆಮೇಲೆ ಬಂದು ನನ್ನನ್ನು ಹಿಂಬಾಲಿಸು ಅನ್ನುವ ಮಾತು. ಆ ಸಾಲು ಅಲ್ಲಿದ್ದ ಎಲ್ಲರ ಕಿವಿಗೂ ಬಿತ್ತು. ಎದ್ದು ಹೋಗಿ ಜಮೀನು ಕೊಟ್ಟವರು ಒಬ್ಬರೇ. ತಂಗಿಗೆ ಅಂತ ಸ್ವಲ್ಪ ಇಟ್ಟುಕೊಂಡಿದ್ದರು. ಇನ್ನೊಂದು ದಿನ ಹೋದಾಗ ನಾಳೆಯ ಚಿಂತೆ ಬೇಡ ಅನ್ನುವ ಸಾಲು ಕಿವಿಗೆ ಬಿತ್ತು. ಅದನ್ನೂ ಕೊಟ್ಟು, ತಂಗಿಯನ್ನು ಕನ್ಯೆಯರ ಆಶ್ರಯದಲ್ಲಿ ಬಿಟ್ಟರು. ತಂಗಿಗೆ ಏನನ್ನಿಸಿತು ಅಂತ ಯಾರೂ ಬರೆದಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ, ಇರಲಿ. ಅಂತೋಣಿಗೆ ಶಾಲೆಯ ಓದು ಹತ್ತಿರಲಿಲ್ಲ. ಅವರ ಜೀವನಕಥೆ ಬರೆದ ಅಥನಾಸಿಯಸ್ ಹೇಳುವ ಪ್ರಕಾರ, ಕಿವಿಗೆ ಬಿದ್ದ ಒಂದು ಮಾತನ್ನೂ ಅವರು ನೆಲಕ್ಕೆ ಬೀಳಲು ಬಿಡುತ್ತಿರಲಿಲ್ಲ. ನೆನಪೇ ಅವರ ಪುಸ್ತಕವಾಗಿತ್ತು.

ಒಬ್ಬೊಬ್ಬರೇ ಮರುಭೂಮಿಗೆ ಹೋಗುವುದು ಒಂದು ರೀತಿ. ಒಟ್ಟಿಗೆ ಬಾಳುವ ಮಠ ಕಟ್ಟಿದವರು ಪಕೋಮಿಯಸ್. ಸುಮಾರು 320ರಲ್ಲಿ, ನೈಲ್ ನದಿ ದಂಡೆಯ ತಬೆನ್ನಿಸಿ ಅನ್ನುವಲ್ಲಿ. ಮೊದಲು ರೋಮನ್ ಸೈನ್ಯದಲ್ಲಿ ಇದ್ದವರು, ಅದಕ್ಕೇ ನಿಯಮಗಳಲ್ಲಿ ಒಂದು ಶಿಸ್ತು. ಓದು ಬಾರದವನು ಮಠಕ್ಕೆ ಸೇರಲು ಬಂದರೆ ಮೊದಲು ಇಪ್ಪತ್ತು ಕೀರ್ತನೆ ಅಥವಾ ಪೌಲನ ಎರಡು ಪತ್ರ ಬಾಯಿಪಾಠ. ಆಮೇಲೆ ದಿನಕ್ಕೆ ಮೂರು ಸಲ ಗುರುವಿನ ಹತ್ತಿರ ಹೋಗಿ ಅಕ್ಷರ ಕಲಿಯಬೇಕು. ಮನಸ್ಸಿಲ್ಲದಿದ್ದರೂ ಬಿಡುವ ಹಾಗಿಲ್ಲ, ಒತ್ತಾಯ ಮಾಡಿಯಾದರೂ ಓದಿಸಬೇಕು ಅಂತ ಬರೆದಿದೆ. ಅಕ್ಷರ ಅನ್ನುವುದು ಕೆಲವರ ಸೊತ್ತಾಗಿದ್ದ ಕಾಲ, ರೈತರ ಮಕ್ಕಳು, ಅವರಿಗೆ ಈ ನಿಯಮ! ಕಡಿಮೆ ಅಂದರೆ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎಲ್ಲರಿಗೂ ಬಾಯಿಗೆ ಬರಬೇಕಿತ್ತು. ಬ್ರೆಡ್ಡಿಗೆ ಹಿಟ್ಟು ನಾದುವವರು ಹರಟೆ ಹೊಡೆಯುವಂತಿಲ್ಲ. ನಾದುತ್ತಾ ಧರ್ಮಗ್ರಂಥದ ಸಾಲು ಹೇಳಿಕೊಳ್ಳಬೇಕು.

ಉರು ಹೊಡೆಯುವುದು ಅಂದರೆ ನಮಗೆ ಈಗ ತಾತ್ಸಾರ. ಮೇಷ್ಟರಾಗಿದ್ದಾಗ ನಾನೇ ಮಕ್ಕಳಿಗೆ ಹೇಳುತ್ತಿದ್ದೆ, ಉರು ಹೊಡೀಬೇಡಿ, ಅರ್ಥ ಮಾಡಿಕೊಳ್ಳಿ ಅಂತ. ಪರೀಕ್ಷೆಗೆ ಅದು ಸರಿ. ಆದರೆ ಅರ್ಥವಾಗದ್ದನ್ನು ಇಟ್ಟುಕೊಳ್ಳಲು ಒಂದು ಜಾಗ ಬೇಕಲ್ಲ? ಅರ್ಥವಾದ ಮೇಲೇ ಒಳಗೆ ಬಿಟ್ಟುಕೊಳ್ಳುತ್ತೇನೆ ಅಂದರೆ, ನಾವು ಆಗಲೇ ಇರುವಷ್ಟು ದೊಡ್ಡದು ಮಾತ್ರ ಒಳಗೆ ಬರುತ್ತದೆ.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಕನ್ನಡ ಮೇಷ್ಟ್ರು ಪದ ಬಿಟ್ಟು ಮಾತಾಡಿದರೆ ಹೇಗೆ! ಮೊದಲನೇ ಕೀರ್ತನೆಯಲ್ಲಿ, ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯ ಅಂತ ಬರುತ್ತದೆ. ಧ್ಯಾನ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಪದ್ಮಾಸನ, ಮುಚ್ಚಿದ ಕಣ್ಣು, ಮುಚ್ಚಿದ ಬಾಯಿ. ಹೀಬ್ರೂ ಮೂಲದಲ್ಲಿ ಇರುವ ಪದ 'ಹಾಗಾ'. ಯೆಶಾಯನ ಪುಸ್ತಕದ 31ನೇ ಅಧ್ಯಾಯದಲ್ಲಿ ಸಿಂಹ ತಾನು ಹಿಡಿದ ಬೇಟೆಯ ಮೇಲೆ ನಿಂತು ಗುರುಗುಟ್ಟುತ್ತದೆ, ಅಲ್ಲೂ ಇದೇ ಪದ. 38ನೇ ಅಧ್ಯಾಯದಲ್ಲಿ ಕಾಯಿಲೆ ಬಿದ್ದ ರಾಜ ಹಿಜ್ಕೀಯ ಪಾರಿವಾಳದ ಹಾಗೆ ನರಳುತ್ತಾನೆ, ಅಲ್ಲೂ ಇದೇ. ಅಂದರೆ ಇದು ಬಾಯಲ್ಲಿ, ಗಂಟಲಲ್ಲಿ ನಡೆಯುವ ಕೆಲಸ. ಗುನುಗುವುದು ಅನ್ನಬಹುದು. ಪಾತ್ರೆ ತೊಳೆಯುತ್ತಾ ಅಮ್ಮ ಹಾಡು ಗುನುಗುತ್ತಾಳಲ್ಲ, ಹಾಗೆ. ಹಿಟ್ಟು ನಾದುತ್ತಿದ್ದ ಆ ಸನ್ಯಾಸಿ ಮಾಡುತ್ತಿದ್ದದ್ದು ಅದನ್ನೇ.

ಲ್ಯಾಟಿನ್ ಸನ್ಯಾಸಿಗಳು ಇದಕ್ಕೆ ಇನ್ನೊಂದು ಪದ ಹಿಡಿದರು, 'ರುಮಿನಾರೆ'. ಹಸು ಮೇದದ್ದನ್ನು ಮತ್ತೆ ಬಾಯಿಗೆ ತಂದು ಅಗಿಯುವುದು. ಇದನ್ನು ನಾನು ನಿಮಗೆ ವಿವರಿಸಬೇಕಾಗಿಯೇ ಇಲ್ಲ. ನಮ್ಮ ಭಾಷೆಯಲ್ಲಿ ಹಸುವೂ ಮೆಲುಕು ಹಾಕುತ್ತದೆ, ನಾವೂ ಹಳೆಯ ನೆನಪನ್ನು ಮೆಲುಕು ಹಾಕುತ್ತೇವೆ. ಒಂದೇ ಮಾತು, ಎರಡಕ್ಕೂ.

ನಾನಿದ್ದ ಮಠದಲ್ಲಿ ನಾಲ್ಕು ಹಸು ಇದ್ದವು. ಮಧ್ಯಾಹ್ನ ಕೊಟ್ಟಿಗೆ ಹತ್ತಿರ ಕೂತು ನೋಡುತ್ತಿದ್ದೆ. ಹಸು ಮೇಯುವಾಗ ನೋಡಿದ್ದೀರಾ? ಎಷ್ಟು ಅವಸರ! ಚೆನ್ನಾಗಿ ಅಗಿಯುವುದೇ ಇಲ್ಲ, ನಾಲಿಗೆ ಸುತ್ತಿ ಎಳೆದು ನುಂಗುವುದೇ. ಆಮೇಲೆ ನೆರಳಲ್ಲಿ ಮಲಗುತ್ತದೆ. ಸ್ವಲ್ಪ ಹೊತ್ತಿಗೆ ಕುತ್ತಿಗೆಯಲ್ಲಿ ಒಂದು ಉಂಡೆ ಮೇಲಕ್ಕೆ ಬರುವುದು ಕಾಣುತ್ತದೆ. ದವಡೆ ಅಡ್ಡಡ್ಡ ಆಡುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ. ನುಂಗಿತು ಅನ್ನುವಾಗ ಒಂದು ಕ್ಷಣ ಬಾಯಿ ನಿಲ್ಲುತ್ತದೆ. ಮತ್ತೆ ಇನ್ನೊಂದು ಉಂಡೆ. ಆ ಒಂದು ಕ್ಷಣದ ನಿಲುಗಡೆ ನೋಡಿದಾಗ ನನಗೆ ಬೆಳಗಿನ ನಕ್ಷತ್ರದ ಗುರುತು ನೆನಪಾಯಿತು, ನಗು ಬಂತು.

ಕೇರಳದ ವಾಗಮಣ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮ ಇದೆ, 1958ರಲ್ಲಿ ಶುರುವಾದದ್ದು. ಅಲ್ಲಿನ ಸನ್ಯಾಸಿಗಳೂ ಹಸು ಸಾಕಿಯೇ ಬದುಕು ಕಟ್ಟಿಕೊಂಡವರು. ಅದನ್ನು ಕಟ್ಟಿದವರಲ್ಲಿ ಒಬ್ಬರು ಬೀಡ್ ಗ್ರಿಫಿತ್ಸ್. ಅವರು 1955ರಲ್ಲಿ ಭಾರತಕ್ಕೆ ಬಂದಾಗ ಮೊದಲು ಮಠ ಮಾಡಲು ನೋಡಿದ್ದು ನಮ್ಮ ಕೆಂಗೇರಿಯಲ್ಲಿ. ಅದು ಕೈಗೂಡಲಿಲ್ಲ. ಕೆಂಗೇರಿ ಆಚೆ, ಮೈಸೂರು ರಸ್ತೆಯ ಕಡೆ ಈಗ ಆಶೀರ್ವನಂ ಅನ್ನುವ ಬೆನೆಡಿಕ್ಟೈನ್ ಮಠ ಇದೆ. ನಿಮ್ಮಲ್ಲಿ ಕೆಲವರು ಹೋಗಿರಬಹುದು.

ಬೆನೆಡಿಕ್ಟೈನ್ ಅಂದೆ. ಸಂತ ಬೆನೆಡಿಕ್ಟರ ನಿಯಮ ಪುಸ್ತಕದ ಹತ್ತಿರ ಸ್ವಲ್ಪ ಹೊತ್ತು ಕೂರೋಣ. 6ನೇ ಶತಮಾನದ ಇಟಲಿ, ಮೊಂಟೆ ಕಸ್ಸಿನೊ ಬೆಟ್ಟ. ಸಣ್ಣ ಪುಸ್ತಕ, 73 ಅಧ್ಯಾಯ. ಮೊದಲ ಪದವೇ 'ಕೇಳು'. ಮಗನೇ ಕೇಳು, ನಿನ್ನ ಹೃದಯದ ಕಿವಿಯನ್ನು ಕೊಡು. ಇಷ್ಟು ಚೆಂದ ಶುರುವಾಗುವ ಪುಸ್ತಕ ಆಮೇಲೆ ಎಷ್ಟು ಲೌಕಿಕ ಅಂದರೆ, ಓದಿದರೆ ಹಾಸ್ಟೆಲ್ ವಾರ್ಡನ್ ಬರೆದ ಹಾಗಿದೆ. ಓದುವುದಕ್ಕೆ ದಿನಕ್ಕೆ ಇಷ್ಟು ಹೊತ್ತು ಅಂತ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಮಲಗಬಹುದು. ಯಾರಿಗಾದರೂ ಓದಬೇಕು ಅನ್ನಿಸಿದರೆ ಓದಲಿ, ಆದರೆ ಪಕ್ಕದವನ ನಿದ್ದೆ ಕೆಡಿಸಬಾರದು ಅಂತಾರೆ. ಯಾಕೆ ಹೇಳಿ? ಆಗ ಓದು ಅಂದರೆ ಸಾಮಾನ್ಯವಾಗಿ ದನಿ ತೆಗೆದೇ ಓದುವುದು. ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ. ಅದನ್ನು ಮೊದಲಿಂದ ಕೊನೆವರೆಗೆ, ಹಾರಿಸದೆ ಓದಬೇಕು. ಓದುವ ಹೊತ್ತಿನಲ್ಲಿ ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತು ಹಾಕಬೇಕು. ಯಾರು ಓದದೆ ಹರಟೆ ಹೊಡೆಯುತ್ತಾ ಪಕ್ಕದವನನ್ನೂ ಕೆಡಿಸುತ್ತಿದ್ದಾನೆ ಅಂತ ನೋಡುವುದಕ್ಕೆ.

ನನಗೆ ಈ ಸುತ್ತು ಹಾಕುವ ಹಿರಿಯರು ಬಹಳ ಇಷ್ಟ. ಅಂದರೆ ಅಲ್ಲೂ ಬೈಬಲ್ ಹಿಡಿದು ಕೂತರೆ ಆಕಳಿಕೆ ಬರುತ್ತಿತ್ತು ಅಂತಾಯಿತು. ನಮಗೆ ಮಾತ್ರ ಅಲ್ಲ.

ಇನ್ನೊಂದು ನಿಯಮ 42ನೇ ಅಧ್ಯಾಯದಲ್ಲಿದೆ. ರಾತ್ರಿಯ ಕೊನೆಯ ಪ್ರಾರ್ಥನೆಗೆ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಏನಾದರೂ ಓದಿ ಕೇಳಬೇಕು. ಆದರೆ ಬೈಬಲಿನ ಮೊದಲ ಏಳು ಪುಸ್ತಕಗಳು ಮತ್ತು ಅರಸುಗಳ ಪುಸ್ತಕಗಳು (ಆಗ ಸಮುವೇಲನ ಪುಸ್ತಕಗಳೂ ಅವುಗಳಲ್ಲೇ ಸೇರಿದ್ದವು) ಆ ಹೊತ್ತಿಗೆ ಬೇಡ. ಗಟ್ಟಿ ಮನಸ್ಸಿಲ್ಲದವರಿಗೆ ಮಲಗುವ ಮುಂಚೆ ಅದು ಒಳ್ಳೆಯದಲ್ಲ, ಬೇರೆ ಹೊತ್ತಿನಲ್ಲಿ ಓದಲಿ. ಯುದ್ಧ, ಕೊಲೆ, ದಾವೀದ ಮತ್ತು ಬತ್ಷೆಬೆ, ಎಲ್ಲ ಅಲ್ಲೇ ಇದೆಯಲ್ಲ! ಧರ್ಮಗ್ರಂಥವೇ ಆದರೂ ಯಾವ ಹೊತ್ತಿಗೆ ಯಾವುದು ಅಂತ ಅಮ್ಮನ ಹಾಗೆ ಯೋಚನೆ ಮಾಡಿದ್ದಾರೆ. ರಾತ್ರಿ ಮೊಸರು ಬೇಡ ಅನ್ನುವ ಹಾಗೆ.

ಕೀರ್ತನೆಗಳ ಲೆಕ್ಕ ಇನ್ನೂ ಖಡಕ್ಕು. 150 ಕೀರ್ತನೆಯೂ ವಾರಕ್ಕೆ ಒಂದು ಸುತ್ತು ಮುಗಿಯಬೇಕು. ನಮ್ಮ ಹಿರಿಯರು ಒಂದೇ ದಿನದಲ್ಲಿ ಮುಗಿಸುತ್ತಿದ್ದರಂತೆ, ಸೋಮಾರಿಗಳಾದ ನಾವು ವಾರಕ್ಕಾದರೂ ಮುಗಿಸೋಣ ಅಂತ ಬೆನೆಡಿಕ್ಟರು ಬರೆಯುತ್ತಾರೆ.

ಈಗ ಕಷ್ಟದ ಪ್ರಶ್ನೆ. 150ರಲ್ಲಿ ಕೆಲವು ಕೀರ್ತನೆ ಬಾಯಲ್ಲಿ ಹೇಳುವುದಕ್ಕೇ ಆಗುವುದಿಲ್ಲ. 137ನೆಯದು ತೆಗೆದುಕೊಳ್ಳಿ. ಬಾಬಿಲೋನಿಯಾದ ನದಿಗಳ ಬಳಿ ಕೂತು ಅತ್ತೆವು ಅಂತ ಕರುಳು ಹಿಂಡುವ ಹಾಗೆ ಶುರುವಾಗುತ್ತದೆ. ಕೊನೆಗೆ, ಬಾಬಿಲೋನೇ, ನಿನ್ನ ಕೂಸುಗಳನ್ನು ಹಿಡಿದು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುತ್ತದೆ. ಏನು ಮಾಡುವುದು? 1970ರ ದಶಕದಲ್ಲಿ ಬಂದ ಹೊಸ ರೋಮನ್ ಪ್ರಾರ್ಥನಾ ಪುಸ್ತಕದಲ್ಲಿ ಆ ಸಾಲುಗಳನ್ನು ಬಿಟ್ಟರು. 58, 83, 109 ಈ ಮೂರು ಕೀರ್ತನೆಗಳನ್ನು ಪೂರ್ತಿ ಬಿಟ್ಟರು. ಬಿಡದೆ ಹೇಳುವ ಮಠಗಳೂ ಇವೆ. ಬೆನೆಡಿಕ್ಟರ ಓದು ಹೀಗೆ: ಆ ಕೂಸುಗಳು ಅಂದರೆ ನಮ್ಮೊಳಗೆ ಈಗಷ್ಟೇ ಹುಟ್ಟಿದ ಕೆಟ್ಟ ಯೋಚನೆಗಳು. ಅವು ಬೆಳೆದು ದೊಡ್ಡವಾಗುವ ಮುಂಚೆ ಹಿಡಿದು ಬಂಡೆಗೆ, ಅಂದರೆ ಕ್ರಿಸ್ತನಿಗೆ, ಅಪ್ಪಳಿಸಬೇಕು. ಇದು ಅವರದ್ದೇ ಹೊಸ ಕಲ್ಪನೆ ಏನಲ್ಲ, 3ನೇ ಶತಮಾನದ ಬೈಬಲ್ ವ್ಯಾಖ್ಯಾನಕಾರ ಒರಿಜೆನ್ ಆಗಲೇ ಹೇಳಿದ್ದರು.

ಮೊದಲು ಕೇಳಿದಾಗ ನನಗೆ ಇದು ಜಾಣತನ ಅನ್ನಿಸಿತ್ತು. ನುಣುಚಿಕೊಳ್ಳುವ ದಾರಿ. ಊರು ಸುಟ್ಟುಹೋದವರ ಸಿಟ್ಟನ್ನು ಹೀಗೆ ಒರೆಸಿಹಾಕಬಹುದಾ? ಈಗಲೂ ಆ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಆ ವಾರ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ ಎಂಬತ್ತು ದಾಟಿದ ಒಬ್ಬ ಬ್ರದರ್ ಒಂದು ಮಾತು ಹೇಳಿದರು. ಕೀರ್ತನೆಗಳಲ್ಲಿ ಮಾತೆತ್ತಿದರೆ ಶತ್ರು, ಶತ್ರು ಅಂತ ಬರುತ್ತದಲ್ಲ, ನಿಮಗೆ ಇಲ್ಲಿ ಯಾವ ಶತ್ರು ಅಂತ ನಾನು ಕೇಳಿದ್ದೆ. ಅವರು ನಕ್ಕರು. "ನಾವು ಎದುರುಬದುರು ನಿಲ್ತೀವಲ್ಲ ಮೇಷ್ಟ್ರೇ. ಶತ್ರು ಅಂದಾಗೆಲ್ಲ ನಾನು ಎದುರು ಸಾಲಲ್ಲಿ ಒಬ್ಬರನ್ನ ನೋಡ್ತಿದ್ದೆ. ಸುಮಾರು ಇಪ್ಪತ್ತು ವರ್ಷ. ಅವರು ಕಾಯಿಲೆ ಬಿದ್ದಾಗ ನೋಡ್ಕೊಳ್ಳೋ ಪಾಳಿ ನಂದು. ಒಂದಿನ ಅವರೇ ಹೇಳಿದ್ರು, ಅವರೂ ನನ್ನನ್ನೇ ನೋಡ್ತಿದ್ರಂತೆ."

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನಗೂ ನನ್ನ ತಮ್ಮನಿಗೂ ಅಪ್ಪನ ಮನೆಯ ಪಾಲಿನ ವಿಷಯದಲ್ಲಿ ಮಾತು ನಿಂತು ಆಗ ಆರು ವರ್ಷ. ಶತ್ರು ಅನ್ನುವ ಸಾಲು ಬಂದಾಗೆಲ್ಲ ನನ್ನ ಕಣ್ಣಿಗೆ ಯಾರ ಮುಖ ಬರುತ್ತಿತ್ತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಎದುರು ಸಾಲಿನಲ್ಲಿ ಅವನು ನಿಂತು ಅದೇ ಕೀರ್ತನೆ ಹೇಳುತ್ತಿದ್ದಾನೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಯಾವ ವ್ಯಾಖ್ಯಾನದ ಪುಸ್ತಕದಲ್ಲೂ ನನಗೆ ಇದು ಸಿಕ್ಕಿರಲಿಲ್ಲ. ಆ ಮುದುಕರಿಗೆ ಇದು ಗೊತ್ತಾಗಲು ಇಪ್ಪತ್ತು ವರ್ಷ ಮತ್ತು ಒಬ್ಬ ರೋಗಿ ಬೇಕಾಯಿತು.

ನಮ್ಮಲ್ಲಿ ಗಾದೆ ಇದೆಯಲ್ಲ, ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅಂತ. ಆ ಮುಕ್ಕಾಲು ಎಲ್ಲಿಂದ ಬರುತ್ತದೆ ಅಂತ ಗಾದೆ ಹೇಳುವುದಿಲ್ಲ.

ಜಾನ್ ಕ್ಯಾಸಿಯನ್ ಅಂತ ಒಬ್ಬರು ಅದನ್ನು ಹೇಳಲು ನೋಡಿದ್ದಾರೆ. ಈಜಿಪ್ಟಿನ ಮರುಭೂಮಿಯಲ್ಲಿ ವರ್ಷಗಟ್ಟಲೆ ಅಲೆದು, ಹಿರಿಯರ ಮಾತು ಕೇಳಿಸಿಕೊಂಡು, ಆಮೇಲೆ ಫ್ರಾನ್ಸಿನ ಮಾರ್ಸೇಯ್‌ನಲ್ಲಿ 5ನೇ ಶತಮಾನದ ಶುರುವಿನಲ್ಲಿ ಮಠ ಕಟ್ಟಿದವರು. ಅವರು ಅಬ್ಬಾ ನೆಸ್ತೆರೋಸ್ ಅನ್ನುವ ಹಿರಿಯರ ಹತ್ತಿರ ಒಂದು ಕಷ್ಟ ತೋಡಿಕೊಳ್ಳುತ್ತಾರೆ. ಅಬ್ಬಾ ಅಂದರೆ ಅಪ್ಪ, ನಮ್ಮ ಮಾತಿಗೂ ಹತ್ತಿರವೇ ಇದೆ ನೋಡಿ. ಕಷ್ಟ ಏನೆಂದರೆ, ಚಿಕ್ಕಂದಿನಲ್ಲಿ ಮೇಷ್ಟರು ಕಾವ್ಯಗಳನ್ನು ಚೆನ್ನಾಗಿ ಓದಿಸಿಬಿಟ್ಟಿದ್ದಾರೆ. ಈಗ ಕೀರ್ತನೆ ಹೇಳಲು ನಿಂತರೆ ಕವಿಗಳ ಕಟ್ಟುಕಥೆಗಳು, ವೀರರ ಯುದ್ಧಗಳು ಕಣ್ಣಮುಂದೆ ಕುಣಿಯುತ್ತವೆ. ನನಗೂ ಹಾಗೇ ಆಗುತ್ತೆ, ನನ್ನದು ಸಿನಿಮಾ ಹಾಡು. ಹಿರಿಯರು ಕೊಟ್ಟ ಉತ್ತರ ನೇರ: ಮನಸ್ಸು ಖಾಲಿ ಇರಲಾರದು. ಅದನ್ನು ಕಲಿಯಲು ಎಷ್ಟು ಕಷ್ಟಪಟ್ಟೆಯೋ ಅಷ್ಟೇ ಕಷ್ಟ ಇದಕ್ಕೂ ಪಡು. ಆಗ ಇದು ಒಳಗೆ ಬಂದು ಕೂತು ಅದನ್ನು ಹೊರಗೆ ತಳ್ಳುತ್ತದೆ. ಅದೇ ಮಾತುಕತೆಯಲ್ಲಿ ಇನ್ನೊಂದು ಇದೆ. ಬಾಯಿಪಾಠ ಮಾಡುವಾಗ ಅರ್ಥವಾಗದೆ ಹೋದದ್ದು, ರಾತ್ರಿ ಎಲ್ಲ ಕೆಲಸ ಮುಗಿಸಿ ಮಲಗಿದಾಗ, ನಿದ್ದೆಯ ಮಂಪರಿನಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಮನಸ್ಸು ಹೊಸದಾದ ಹಾಗೆ ಧರ್ಮಗ್ರಂಥದ ಮುಖವೂ ಹೊಸದಾಗುತ್ತಾ ಹೋಗುತ್ತದೆ.

ಸಂತ ಗ್ರೆಗೊರಿ ಇದನ್ನೇ ಇನ್ನೂ ಚುಟುಕಾಗಿ ಹೇಳಿದರು. ಮೊದಲು ಸನ್ಯಾಸಿ, ಆಮೇಲೆ 590ರಲ್ಲಿ ಪೋಪ್. ದೇವರ ಮಾತು ಓದುವವನ ಜೊತೆಗೇ ಬೆಳೆಯುತ್ತದೆ ಅಂದರು. ಧರ್ಮಗ್ರಂಥ ಒಂದು ನದಿ, ಅದರಲ್ಲಿ ಕುರಿಮರಿ ಕಾಲೂರಿ ನಡೆಯಬಹುದು, ಆನೆ ಈಜಬಹುದು ಅನ್ನುವ ಮಾತೂ ಅವರದ್ದೇ. ನನಗೆ ಇದಕ್ಕಿಂತ ಇಷ್ಟವಾದದ್ದು ಅವರ ಒಂದು ತಪ್ಪೊಪ್ಪಿಗೆ. ಒಬ್ಬನೇ ಕೂತಾಗ ಅರ್ಥವಾಗದ ಎಷ್ಟೋ ಸಾಲು, ಸಹೋದರರ ಮುಂದೆ ನಿಂತು ವಿವರಿಸುವಾಗ ಅರ್ಥವಾಯಿತು, ಹಾಗಾಗಿ ಆ ಅರ್ಥ ನಿಮ್ಮಿಂದಲೇ ನನಗೆ ಬಂದದ್ದು ಅಂತ ಅವರು ಕೇಳುವವರಿಗೇ ಹೇಳುತ್ತಾರೆ. ಪಾಠ ಮಾಡಿದವರಿಗೆಲ್ಲ ಇದು ಗೊತ್ತು. ಹತ್ತನೇ ತರಗತಿಯ ಪದ್ಯಗಳಲ್ಲಿ ಅರ್ಧದಷ್ಟು ನನಗೆ ಅರ್ಥವಾದದ್ದು ಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳಿದ ಮೇಲೆಯೇ.

ಹೆಣ್ಣುಮಕ್ಕಳ ಮಠಗಳ ಬಗ್ಗೆ ಬೇರೆಯೇ ಒಂದು ಸಂಜೆ ಬೇಕು. ಇವತ್ತು ಹಿಲ್ಡೆಗಾರ್ಡ್ ಒಬ್ಬರನ್ನೇ ನೆನೆಯುತ್ತೇನೆ. ಜರ್ಮನಿಯವರು. 1112ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಮಠದ ಕೋಣೆ ಸೇರಿದರು. 1141ರಲ್ಲಿ ಒಂದು ಬೆಳಕು ತನ್ನೊಳಗೆ ಇಳಿಯಿತು, ಇದ್ದಕ್ಕಿದ್ದಂತೆ ಕೀರ್ತನೆಗಳ, ಶುಭಸಂದೇಶಗಳ ಒಳಗಿನ ಅರ್ಥ ತಿಳಿಯಿತು, ವ್ಯಾಕರಣ ಮಾತ್ರ ತನಗೆ ಬಾರದು ಅಂತ ಬರೆದರು. ಇದ್ದಕ್ಕಿದ್ದಂತೆ! ವಾರಕ್ಕೊಂದು ಸುತ್ತಿನ ಲೆಕ್ಕ ಹಿಡಿದರೆ ಅಷ್ಟು ಹೊತ್ತಿಗೆ ಅವರು 150 ಕೀರ್ತನೆಗಳನ್ನು ಸುಮಾರು 1500 ಸಲ ಹಾಡಿರಬೇಕು. ಬೆಳಕು ದೇವರದ್ದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬತ್ತಿ ಹೊಸೆದದ್ದು ಇಪ್ಪತ್ತೊಂಬತ್ತು ವರ್ಷ.

ಇಲ್ಲಿ ನನ್ನದೊಂದು ತಕರಾರು ಇದೆ. ಗೀಗೊ ಅಂತ 12ನೇ ಶತಮಾನದ ಕಾರ್ತೂಸಿಯನ್ ಸನ್ಯಾಸಿ ನಾಲ್ಕು ಮೆಟ್ಟಿಲ ಏಣಿಯೊಂದನ್ನು ಹೇಳಿದರು. ಓದು, ಮನನ, ಪ್ರಾರ್ಥನೆ, ದೇವರಲ್ಲಿ ನೆಲೆನಿಲ್ಲುವುದು. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ತೆಗೆಯುತ್ತದೆ, ನಾಲ್ಕನೆಯದು ಆ ಸಿಹಿಯೇ. ಬಹಳ ಚೆನ್ನಾಗಿದೆ. ಈಗ ರಿಟ್ರೀಟ್‌ಗಳಲ್ಲಿ ಇದನ್ನೇ ಕಲಿಸುತ್ತಾರೆ, ಹಾಳೆ ಕೊಡುತ್ತಾರೆ, ಮೆಟ್ಟಿಲಿಗೆ ಐದೈದು ನಿಮಿಷ. ಇಪ್ಪತ್ತು ನಿಮಿಷಕ್ಕೆ ಗಂಟೆ, ಆಮೇಲೆ ಟೀ! ನಾನೂ ಮಾಡಿದ್ದೇನೆ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಗೀಗೊ ಇದ್ದದ್ದು ಬೆಟ್ಟದ ಮೇಲೆ, ಹಿಮದಲ್ಲಿ, ಒಂಟಿ ಕೋಣೆಯಲ್ಲಿ, ಸಾಯುವವರೆಗೆ. ಅವರ ಏಣಿಯನ್ನು ಮಾತ್ರ ಕಿತ್ತುಕೊಂಡು ಬಂದು ನಮ್ಮ ಹಾಲಿನಲ್ಲಿ ಒರಗಿಸಿದರೆ ಅದು ಯಾವ ಅಟ್ಟಕ್ಕೆ ಹತ್ತುತ್ತದೆ? ಅದೇ ಶತಮಾನದ ಸಂತ ಬರ್ನಾರ್ಡರನ್ನು ನೋಡಿ. ಬೈಬಲಿನ ಪರಮಗೀತೆ ಅನ್ನುವ ಪುಸ್ತಕದ ಮೇಲೆ 1135ರಲ್ಲಿ ತಮ್ಮ ಮಠದವರಿಗೆ ಪ್ರವಚನ ಬರೆಯಲು ಶುರು ಮಾಡಿದರು. 1153ರಲ್ಲಿ ತೀರಿಕೊಂಡರು. ಹದಿನೆಂಟು ವರ್ಷ, 86 ಪ್ರವಚನ. ಎಂಟು ಅಧ್ಯಾಯದ ಆ ಪುಟ್ಟ ಪುಸ್ತಕದಲ್ಲಿ ಮುಟ್ಟಿದ್ದು ಮೂರನೇ ಅಧ್ಯಾಯದ ಬಾಗಿಲು. ನಾವಾಗಿದ್ದರೆ ಸಿಲಬಸ್ ಮುಗಿಸಿಲ್ಲ ಅಂತ ನೋಟಿಸ್ ಕೊಡುತ್ತಿದ್ದೆವು.

ಇನ್ನು ಮರುಭೂಮಿಯ ಎರಡು ಕಥೆ ಹೇಳಿ ಮುಗಿಸುತ್ತೇನೆ.

ಒಂದು ಸಲ ಅಂತೋಣಿಯವರನ್ನು ನೋಡಲು ಕೆಲವು ಹಿರಿಯರು ಬಂದರು. ಅವರ ಜೊತೆ ಅಬ್ಬಾ ಜೋಸೆಫ್ ಇದ್ದರು. ಅಂತೋಣಿ ಧರ್ಮಗ್ರಂಥದ ಒಂದು ಮಾತು ಎತ್ತಿಕೊಂಡು, ಚಿಕ್ಕವರಿಂದ ಶುರು ಮಾಡಿ ಒಬ್ಬೊಬ್ಬರಿಗೂ ಇದರ ಅರ್ಥವೇನು ಅಂತ ಕೇಳುತ್ತಾ ಬಂದರು. ಒಬ್ಬೊಬ್ಬರು ಒಂದೊಂದು ಹೇಳಿದರು. ಇಲ್ಲ, ನಿನಗೆ ಸಿಕ್ಕಿಲ್ಲ ಅನ್ನುತ್ತಾ ಹೋದರು. ಕೊನೆಗೆ ಜೋಸೆಫ್ ಸರದಿ. ನನಗೆ ಗೊತ್ತಿಲ್ಲ ಅಂದರು. ಅಂತೋಣಿ ಹೇಳಿದರು, ಜೋಸೆಫ್‌ಗೆ ದಾರಿ ಸಿಕ್ಕಿದೆ, ಯಾಕೆಂದರೆ ಗೊತ್ತಿಲ್ಲ ಅಂದಿದ್ದಾರೆ. ಮೇಷ್ಟರಾಗಿ ನಾನು ಈ ಉತ್ತರಕ್ಕೆ ಎಷ್ಟು ಮಕ್ಕಳಿಗೆ ಬೆಂಚ್ ಹತ್ತಿಸಿದ್ದೇನೋ!

ಎರಡನೆಯದು ಅಬ್ಬಾ ಪಾಂಬೊ ಅವರದ್ದು. ಓದು ಬಾರದವರು. ಒಂದು ಕೀರ್ತನೆ ಕಲಿಸಿಕೊಡಿ ಅಂತ ಒಬ್ಬರ ಹತ್ತಿರ ಹೋದರು. ಅವರು 39ನೇ ಕೀರ್ತನೆ ಶುರು ಮಾಡಿದರು. ನನ್ನ ನಾಲಿಗೆ ಪಾಪ ಮಾಡದ ಹಾಗೆ ನನ್ನ ನಡತೆಯನ್ನು ಕಾದುಕೊಳ್ಳುತ್ತೇನೆ ಅಂದುಕೊಂಡೆ ಅನ್ನುವುದು ಮೊದಲ ಸಾಲು. ಪಾಂಬೊ ಅಷ್ಟಕ್ಕೇ ಎದ್ದರು. ಸಾಕು, ಇದನ್ನು ಮಾಡಿ ಕಲಿಯುವುದಕ್ಕಾದರೆ ಇಷ್ಟೇ ಸಾಕು ಅಂದು ಹೊರಟರು. ಆರು ತಿಂಗಳಾದರೂ ಪತ್ತೆ ಇಲ್ಲ. ಕಲಿಸಿದವರು ಸಿಕ್ಕಿ, ಯಾಕಪ್ಪಾ ಬರಲಿಲ್ಲ ಅಂದಾಗ, ಇನ್ನೂ ಆ ಸಾಲು ಕಲಿತಿಲ್ಲ ಅಂದರು. ಎಷ್ಟೋ ಕಾಲದ ಮೇಲೆ ಪರಿಚಯದವರೊಬ್ಬರು ಕೇಳಿದರು, ಈಗಲಾದರೂ ಕಲಿತಿರಾ? ಪಾಂಬೊ ಹೇಳಿದರು, 19 ವರ್ಷ ಆಯಿತು, ಈಗ ಏನೋ ಕಷ್ಟಪಟ್ಟು ಸ್ವಲ್ಪ ಬಂದಿದೆ.

ಇಲ್ಲಿಗೆ ನನ್ನ ಮಾತು ಮುಗಿಯಬೇಕಿತ್ತು. ಆಮೇಲೆ ಪ್ರಶ್ನೆಗಳು ಬಂದವು, ಅವನ್ನೂ ಬರೆಯುತ್ತೇನೆ.

ಒಬ್ಬ ಹುಡುಗ ಎದ್ದು ನಿಂತ. "ಸರ್, ನನ್ನ ಫೋನಲ್ಲೇ ಐದು ಅನುವಾದ ಇದೆ, ವ್ಯಾಖ್ಯಾನ ಇದೆ. ಇಷ್ಟು ನಿಧಾನ ಯಾಕೆ?" ಒಳ್ಳೇ ಪ್ರಶ್ನೆ. ವ್ಯಾಖ್ಯಾನ ಬೇಡ ಅಂತ ನಾನು ಹೇಳಿಲ್ಲ. ಸಂತ ಜೆರೋಮ್ ಸನ್ಯಾಸಿಯೇ. ಹೀಬ್ರೂ ಕಲಿತು, ಬೆತ್ಲೆಹೇಮಿನ ಮಠದಲ್ಲಿ ವರ್ಷಗಟ್ಟಲೆ ಕೂತು ಅನುವಾದ ಮಾಡಿದವರು. ಆ ಕೆಲಸ ಇಲ್ಲದಿದ್ದರೆ ನಿನ್ನ ಫೋನಿನಲ್ಲಿ ಐದೂ ಇರುತ್ತಿರಲಿಲ್ಲ. ಐದನ್ನೂ ಓದು, ಒಂದನ್ನು ಬಾಯಿಪಾಠ ಮಾಡು ಅಂದೆ. ಅವನಿಗೆ ಅಷ್ಟು ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ಇನ್ನೊಬ್ಬರು ತಮ್ಮನ ಜೊತೆ ಮಾತು ಶುರುವಾಯಿತಾ ಅಂತ ಕೇಳಿದರು. ಹಬ್ಬಕ್ಕೆ ಫೋನ್ ಮಾಡುತ್ತೇನೆ, ಅವನು ತೆಗೆಯುತ್ತಾನೆ, ಇಷ್ಟಾಗಿದೆ ಅಂದೆ.

ಕೊನೆಗೆ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. ಸೆರಗು ಸರಿ ಮಾಡಿಕೊಂಡು ನಿಧಾನವಾಗಿ ಎದ್ದರು. "ಮೇಷ್ಟ್ರೇ, ಅವರು ಕೇಳದೆ ಹೋದ್ರಲ್ಲ, ಆ ಎರಡನೇ ಸಾಲು ಏನು?"

ನಾನು ಇಷ್ಟು ತಯಾರಿ ಮಾಡಿಕೊಂಡು ಹೋಗಿದ್ದೆ, ಅದನ್ನು ಮಾತ್ರ ನೋಡಿಕೊಂಡು ಹೋಗಿರಲಿಲ್ಲ. ಮೇಜಿನ ಮೇಲಿದ್ದ ಬೈಬಲ್ ತೆಗೆದು, ಕನ್ನಡಕ ಹಾಕಿಕೊಂಡು ಹುಡುಕಿದೆ. ನಾನು ಮೂಕನಂತೆ ಸುಮ್ಮನಿದ್ದೆ, ಒಳ್ಳೆಯ ಮಾತನ್ನೂ ಆಡಲಿಲ್ಲ ಅನ್ನುವ ಅರ್ಥದ ಸಾಲು.

ಹಾಲಿನಲ್ಲಿ ಎಲ್ಲರೂ ನಕ್ಕರು. ನಾನು ಮೈಕ್ ಆಫ್ ಮಾಡಿ ಕೂತೆ.